ಕ್ಯಾಪ್ಟನ್ ನೆಮೋ ಮುಖಕ್ಕೆ ಮಸಿ ಯಾಕೆ?

ಮನೆಗೆ ಯಾರಾದರೂ ಬಂದರೆ ನಾನು ಅವರನ್ನು ಕೂರಿಸಿ 1916ರ ಮೂಕಿ ಸಿನಿಮಾ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಹಾಕುತ್ತೇನೆ. ಪಾಪ, ಕಾಫಿ ಕೊಟ್ಟ ಮೇಲೆ ಎದ್ದು ಹೋಗೋಕಾಗಲ್ಲ ಅಲ್ವಾ! ಅದರ ನಾಯಕ ಕ್ಯಾಪ್ಟನ್ ನೆಮೋ, ಜಲಾಂತರ್ಗಾಮಿಯಲ್ಲಿ ಸಮುದ್ರದೊಳಗೆ ಓಡಾಡುವವನು. ಸ್ವಲ್ಪ ಹೊತ್ತು ನೋಡಿ ಎಲ್ಲರೂ ಕೇಳುವುದು ಒಂದೇ: ‘ಈ ನೆಮೋ ಮುಖಕ್ಕೆ ಯಾಕೆ ಮಸಿ ಬಳಿದಿದ್ದಾರೆ?’

ಯಾಕೆಂದರೆ ಅವನು ಭಾರತದವನು.

ಈ ಉತ್ತರವನ್ನು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಅವರದೂ ತಪ್ಪಲ್ಲ. 1870ರ ಮೂಲ ಕಾದಂಬರಿಯಲ್ಲಿ ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ನೆಮೋನ ಊರು ಯಾವುದು ಅಂತ ಬಾಯಿ ಬಿಡುವುದೇ ಇಲ್ಲ. ನೆಮೋ ಅಂದರೆ ಲ್ಯಾಟಿನ್ನಿನಲ್ಲಿ ‘ಯಾರೂ ಅಲ್ಲ’. ವರ್ನ್ ಮೊದಲು ಅಂದುಕೊಂಡಿದ್ದದ್ದು ಪೋಲೆಂಡಿನವನನ್ನು, ರಷ್ಯಾ ಮೇಲೆ ಸೇಡು ತೀರಿಸಿಕೊಳ್ಳುವವನನ್ನು. ಪ್ರಕಾಶಕ ಹೆಟ್ಜೆಲ್ ಬೇಡ ಅಂದ. ಕೊನೆಗೆ ಗುಟ್ಟು ರಟ್ಟಾಗಿದ್ದು ‘ದ ಮಿಸ್ಟೀರಿಯಸ್ ಐಲ್ಯಾಂಡ್’ ಎಂಬ ಇನ್ನೊಂದು ಕಾದಂಬರಿಯಲ್ಲಿ. ಅಲ್ಲಿ ನೆಮೋ ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಸೋತವನು. ಅಷ್ಟೇ ಅಲ್ಲ, ಅವನು ನಮ್ಮ ಟಿಪ್ಪು ಸುಲ್ತಾನನಿಗೆ ಅಣ್ಣನದೋ ಅಕ್ಕನದೋ ಮಗನಂತೆ!

ಲೆಕ್ಕ ಹಾಕಿದರೆ ಸ್ವಲ್ಪ ತಮಾಷೆಯಾಗಿದೆ. ಕಾದಂಬರಿ ಪ್ರಕಾರ ಅವನು ಹತ್ತನೇ ವಯಸ್ಸಿಗೆ ಯುರೋಪಿಗೆ ಹೋಗಿ, ಮೂವತ್ತಾಗುವವರೆಗೆ ಅಲ್ಲೇ ಓದಿ, 1849ರಲ್ಲಿ ವಾಪಸ್ ಬರುತ್ತಾನೆ. ಅಂದರೆ ಹುಟ್ಟಿದ್ದು 1819ರ ಸುಮಾರಿಗೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತಿದ್ದು 1799ರಲ್ಲಿ. ವರ್ನ್ ಭಾರತಕ್ಕೆ ಬಂದವನೇ ಅಲ್ಲ, ಆದರೆ ಟಿಪ್ಪು ಹೆಸರು ಫ್ರೆಂಚರಿಗೆ ಹೊಸದಾಗಿರಲಿಲ್ಲ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೇ ಲೂಯಿಯ ಆಸ್ಥಾನಕ್ಕೇ ಹೋಗಿದ್ದರು. ಇಂಗ್ಲಿಷರನ್ನು ಕಂಡರಾಗದ ನಾಯಕನಿಗೆ ಒಂದು ಮನೆತನ ಬೇಕಿತ್ತು, ಆ ಹೆಸರು ಸಿಕ್ಕಿತು. ನನಗನ್ನಿಸುವುದು ಇಷ್ಟೇ.

ಈಗ ಸಿನಿಮಾಕ್ಕೆ ಬರೋಣ. ಯೂನಿವರ್ಸಲ್ ಕಂಪನಿಗಾಗಿ ನಿರ್ದೇಶಕ ಸ್ಟುವರ್ಟ್ ಪೇಟನ್ ಎರಡೂ ಕಾದಂಬರಿಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸಿದ. ಹಾಗಾಗಿ ರಾಜಕುಮಾರನ ಕಥೆಯೂ ಒಳಗೆ ಬಂತು. ನೆಮೋ ಆಗಿರುವುದು ಆ್ಯಲೆನ್ ಹೋಲುಬಾರ್. ಕಪ್ಪು ಬಣ್ಣ ಬಳಿದ ಮುಖ, ಬಿಳಿ ಗಡ್ಡ, ದೊಗಲೆ ಅಂಗಿ. ನನ್ನ ಅಕ್ಕನ ಮಗ ‘ಮಾಮಾ, ಸಾಂಟಾ ಕ್ಲಾಸ್ ಬಿಸಿಲಿಗೆ ಕಂದಿ ಹೋಗಿದ್ದಾನೆ’ ಅಂದಿದ್ದ. ನಮ್ಮವನ ಪಾತ್ರಕ್ಕೆ ನಮ್ಮವರನ್ನು ಹುಡುಕುವ ಕಾಲ ಅದಲ್ಲ.

ನನ್ನ ತಕರಾರು ಮಸಿಗಿಂತ ಕಥೆಯ ಮೇಲೆ ಜಾಸ್ತಿ. ಕಾದಂಬರಿಯ ಡಕ್ಕರ್‌ಗೆ ದೇಶ ಹೋಯಿತು ಅನ್ನುವ ಸಂಕಟವಿದೆ. ಸಿನಿಮಾದಲ್ಲಿ ಅದು ಡೆನ್ವರ್ ಎಂಬ ಒಬ್ಬ ಖಳನ ಮೇಲಿನ ಸೇಡಾಗುತ್ತದೆ. ಅವನಿಂದ ಹೆಂಡತಿ ಸತ್ತಳು, ಮಗಳು ಕಳೆದುಹೋದಳು, ಅವನನ್ನು ಹುಡುಕಿ ಮುಗಿಸಬೇಕು. ಸಾಮ್ರಾಜ್ಯದ ಜತೆಗಿನ ಜಗಳ ಮನೆ ಜಗಳಕ್ಕೆ ಇಳಿಯಿತು.

ಇಷ್ಟೆಲ್ಲ ಬೈದು ಮತ್ತೆ ಮತ್ತೆ ಯಾಕೆ ನೋಡುತ್ತೀ ಅಂದರೆ, ನೀರಿಗಾಗಿ. ಸಮುದ್ರದೊಳಗಿನ ದೃಶ್ಯಗಳು ತೊಟ್ಟಿಯಲ್ಲಿ ಮಾಡಿದ್ದಲ್ಲ, ಬಹಾಮಾಸ್‌ನ ತಿಳಿನೀರಿನಲ್ಲಿ ತೆಗೆದದ್ದು. ಅವನ್ನು ತೆಗೆದವರು ವಿಲಿಯಮ್ಸನ್ ಅಣ್ಣತಮ್ಮಂದಿರು. ಅವರ ಅಪ್ಪ ಹಡಗಿನ ಕ್ಯಾಪ್ಟನ್. ನೀರೊಳಗಿನ ರಿಪೇರಿ ಕೆಲಸಕ್ಕೆಂದು ಅಪ್ಪ ಒಂದು ಕೊಳವೆ ಮಾಡಿದ್ದರು. ಒಂದರೊಳಗೊಂದು ಸಿಕ್ಕಿಸಿದ ಲೋಹದ ಬಳೆಗಳು, ಒಬ್ಬ ಮನುಷ್ಯ ಇಳಿಯುವಷ್ಟು ಅಗಲ. ಮಕ್ಕಳು ಅದರ ತುದಿಗೆ ದಪ್ಪ ಗಾಜಿನ ಕಿಟಕಿಯಿರುವ ಉಕ್ಕಿನ ಗೂಡು ಸೇರಿಸಿದರು. ಕ್ಯಾಮೆರಾ, ಕ್ಯಾಮೆರಾಮನ್ ಇಬ್ಬರೂ ಅದರೊಳಗೆ ಕೂತರು. ಮೇಲಿಂದ ಗಾಳಿ, ಬೆಳಕಿಗೆ ಬಿಸಿಲು. ಸಮುದ್ರದ ಕೆಳಗೆ ತೆಗೆದ ಸಿನಿಮಾ, ಕ್ಯಾಮೆರಾಗೆ ಮಾತ್ರ ಒಂದು ಹನಿ ಸೋಕಿಲ್ಲ!

ನಟರು ಒದ್ದೆಯಾಗಲೇಬೇಕಿತ್ತು. ಆಕ್ಟೋಪಸ್ ರಬ್ಬರಿನದ್ದು. ನೋಡಿದ ತಕ್ಷಣ ಗೊತ್ತಾಗುತ್ತದೆ, ನಗುವವರು ನಗಲಿ.

ನೀವು ನೋಡುವುದಾದರೆ ಕೊನೆಯ ಹತ್ತು ನಿಮಿಷಕ್ಕೆ ಫೋನ್ ಪಕ್ಕಕ್ಕಿಡಿ. ಮಗಳು ಸಿಕ್ಕ ಮೇಲೆ ನೆಮೋ ಸಾಯುತ್ತಾನೆ. ಅವನ ಜನ ಶವಪೆಟ್ಟಿಗೆ ಹೊತ್ತು ಸಮುದ್ರದ ತಳದಲ್ಲಿ ನಡೆಯುತ್ತಾರೆ. ನೀರು ಎದೆಗೆ ಒತ್ತುತ್ತದೆ, ಒಂದೊಂದು ಹೆಜ್ಜೆಯೂ ನಿಧಾನ. ಅವರ ಭಾರದ ಬೂಟುಗಳ ಕೆಳಗೆ ನಿಜವಾದ ಬಿಳಿ ಮರಳು.