ಟೆಕ್ಸಸ್‌ನಲ್ಲಿ ಜೇಬಿನ ರಿವಾಲ್ವರ್

ಡಲ್ಲಾಸ್ ಸುತ್ತಮುತ್ತಲಿನ ಪ್ಲೇನೊ, ಫ್ರಿಸ್ಕೊ, ಅರ್ವಿಂಗ್‌ನಂಥ ಊರುಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಪಿಸ್ತೂಲೋ ರಿವಾಲ್ವರೋ ಇರುವುದು ಈಗ ಕೇಳರಿಯದ ಸಂಗತಿಯೇನಲ್ಲ. ಅದನ್ನು ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ. ಊರಿಗೆ ಫೋನ್ ಮಾಡಿದಾಗ ಅಡಿಕೆ ಧಾರಣೆಯಿಂದ ಹಿಡಿದು ಮಗಳ ಶಾಲೆಯವರೆಗೆ ಎಲ್ಲವೂ ಮಾತಿಗೆ ಬರುತ್ತದೆ, ಇದೊಂದು ಬರುವುದಿಲ್ಲ. ನನ್ನ ಬಳಿ ಇರುವುದು ಸ್ಮಿತ್ ಅಂಡ್ ವೆಸನ್ ಕಂಪನಿಯ 642 ಎಂಬ ಪುಟ್ಟ ರಿವಾಲ್ವರ್. ಐದು ತೋಟಾ ಹಿಡಿಯುತ್ತದೆ, ನಳಿಗೆ ಎರಡು ಅಂಗುಲಕ್ಕೂ ಕಡಿಮೆ, ಖಾಲಿ ಇದ್ದಾಗಿನ ತೂಕ ನಾನೂರು ಗ್ರಾಮಿನ ಆಸುಪಾಸು. ಅಂಗಡಿಯಲ್ಲಿ ಅದರ ಬೆಲೆ ಸುಮಾರು 500 ಡಾಲರ್. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯು ಮಹಿಳೆಯರ ಆತ್ಮರಕ್ಷಣೆಗೆಂದು ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ಹೊರತಂದಾಗ ಅದರ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ದಾಟಿತ್ತೆಂಬುದನ್ನು ನೆನೆದರೆ, ಇಲ್ಲಿ ಈ ವಸ್ತು ಎಷ್ಟು ಸುಲಭವಾಗಿ ಕೈಗೆಟುಕುತ್ತದೆ ಎಂಬುದು ತಿಳಿಯುತ್ತದೆ.

ಕೈಗೆಟುಕುವುದು ಎಲ್ಲರಿಗೂ ಅಲ್ಲ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಊರಿನಿಂದ ಹೊಸದಾಗಿ ಬರುವ ಹುಡುಗರು ಎಡವುವುದು ಇಲ್ಲಿಯೇ. ಟೆಕ್ಸಸ್ ಕಾನೂನು ಎಷ್ಟೇ ಸಡಿಲವಾಗಿದ್ದರೂ ಬಂದೂಕು ಯಾರ ಕೈಯಲ್ಲಿರಬಾರದು ಎಂಬುದನ್ನು ಕೇಂದ್ರದ ಕಾನೂನೂ ಹೇಳುತ್ತದೆ. ಅದರ ಪ್ರಕಾರ ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾಗಳಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ, ಮೇಲೆ ಗಡೀಪಾರು. ಭಾರತೀಯರಿಗೆ ಗ್ರೀನ್ ಕಾರ್ಡ್, ಅಂದರೆ ಶಾಶ್ವತ ವಾಸದ ಅನುಮತಿ, ಸಿಗಲು ಬಹಳ ಕಾಲ ಹಿಡಿಯುವುದರಿಂದ, ಇಲ್ಲಿ ಮನೆ ಕೊಂಡು, ತೆರಿಗೆ ಕಟ್ಟಿ, ಮಕ್ಕಳನ್ನು ಹೈಸ್ಕೂಲಿನವರೆಗೆ ಓದಿಸಿದವರೂ ಈ ನಿಷೇಧದೊಳಗೇ ಇರುತ್ತಾರೆ. ಸ್ನೇಹಿತನ ಜೊತೆ ಗುಂಡು ಹಾರಿಸಿ ಅಭ್ಯಾಸ ಮಾಡುವ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲ್ ಹಿಡಿದು ಫೋಟೊ ತೆಗೆಸಿಕೊಂಡು ಊರಿಗೆ ಕಳಿಸುವ ಹುಡುಗನಿಗೆ ತಾನು ಕಳಿಸಿದ್ದು ತನ್ನ ವಿರುದ್ಧದ ಸಾಕ್ಷ್ಯ ಎಂಬ ಅರಿವೇ ಇರುವುದಿಲ್ಲ.

ಗ್ರೀನ್ ಕಾರ್ಡ್ ಬಂದ ಮೇಲೆ ದಾರಿ ಸಲೀಸು. ಲೈಸೆನ್ಸ್ ಇರುವ ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಬೇಕು, 21 ವರ್ಷ ತುಂಬಿರಬೇಕು, 1998ರಿಂದ ಎಫ್‌ಬಿಐ ನಡೆಸುತ್ತಿರುವ ವ್ಯವಸ್ಥೆಯ ಮೂಲಕ ಹಿನ್ನೆಲೆ ಪರಿಶೀಲನೆಯಾಗಬೇಕು. ಸಾಮಾನ್ಯವಾಗಿ ಅದು ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗಿಬಿಡುತ್ತದೆ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಅರ್ಹ ವಯಸ್ಕರು ಪರವಾನಗಿಯಿಲ್ಲದೆಯೇ ಕೈಬಂದೂಕನ್ನು ಹೊತ್ತು ಓಡಾಡಬಹುದು. ಆದರೂ ಪರವಾನಗಿ ಪಡೆಯುವುದೇ ಲೇಸು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ತರಗತಿಯಲ್ಲಿ ನಾಲ್ಕರಿಂದ ಆರು ಗಂಟೆ ಕೂರಬೇಕು, ಬೆರಳಚ್ಚು ಕೊಡಬೇಕು, 40 ಡಾಲರ್ ಕಟ್ಟಬೇಕು, ಮೂರು, ಏಳು, ಹದಿನೈದು ಗಜಗಳ ದೂರದಿಂದ ಒಟ್ಟು 50 ಗುಂಡು ಹಾರಿಸಿ ಶೇಕಡಾ 70 ಅಂಕ ಪಡೆಯಬೇಕು. ಇಷ್ಟಕ್ಕೆ ಪ್ರತಿಯಾಗಿ ಒಕ್ಲಹೋಮ, ಲೂಯಿಸಿಯಾನದಂಥ ನೆರೆರಾಜ್ಯಗಳಲ್ಲೂ ಆ ಪರವಾನಗಿ ಮಾನ್ಯವಾಗುತ್ತದೆ. ಮಕ್ಕಳನ್ನು ಶಾಲೆಗೆ ಬಿಡಲು ಹೋಗುವವರಿಗೆ ಅದರ ಇನ್ನೊಂದು ಉಪಯೋಗ ಇನ್ನೂ ಮುಖ್ಯ: ಶಾಲೆಯ ಸುತ್ತಲಿನ ಸಾವಿರ ಅಡಿಯೊಳಗೆ ಬಂದೂಕು ತರಬಾರದೆಂಬ ಕೇಂದ್ರದ ಕಾನೂನಿನಿಂದ ರಾಜ್ಯದ ಪರವಾನಗಿ ಇರುವವರಿಗೆ ವಿನಾಯಿತಿಯಿದೆ, ಇಲ್ಲದವರಿಗೆ ಇಲ್ಲ.

ನಮ್ಮವರು ಬಂದೂಕಿನಂಗಡಿಯ ಬಾಗಿಲು ತಟ್ಟುವುದು ಭಯದಿಂದ. 2017ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಓಲೇಥಾದ ಬಾರೊಂದರಲ್ಲಿ ಭಾರತದ ಎಂಜಿನಿಯರೊಬ್ಬರನ್ನು ಜನಾಂಗದ್ವೇಷದಿಂದ ಕೊಂದಾಗ ಆ ಭಯ ಶುರುವಾಯಿತು. 2023ರ ಮೇ 6ರಂದು ಇಲ್ಲೇ ಪಕ್ಕದ ಆ್ಯಲನ್ ಊರಿನ ಔಟ್‌ಲೆಟ್ ಮಾಲ್‌ನಲ್ಲಿ ಎಂಟು ಮಂದಿ ಗುಂಡಿಗೆ ಬಲಿಯಾದಾಗ, ಅವರಲ್ಲಿ ಭಾರತದ ಒಬ್ಬ ತರುಣಿಯೂ ಇದ್ದಾಗ, ಅದು ಮನೆಯೊಳಗೇ ಬಂದು ಕುಳಿತಿತು. ಊರಿನಿಂದ ಅಪ್ಪ ಅಮ್ಮ ಬಂದರೆ ನಾವು ಬಟ್ಟೆ ಕೊಡಿಸಲು ಕರೆದೊಯ್ಯುವ ಜಾಗ ಅದು. ಆದರೆ ಸಮಾಧಾನದಿಂದ ಯೋಚಿಸಿದರೆ, ಈ ಎರಡೂ ಸಂದರ್ಭಗಳಲ್ಲಿ ಜೇಬಿನ ರಿವಾಲ್ವರ್ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತಿತ್ತು? ಆದಾಯದ ಶೇಕಡಾ 51 ಅಥವಾ ಹೆಚ್ಚಿನ ಪಾಲು ಅಲ್ಲೇ ಕುಡಿಯುವ ಮದ್ಯದಿಂದ ಬರುವ ಬಾರುಗಳೊಳಗೆ ಟೆಕ್ಸಸ್‌ನಲ್ಲಿ ಅದನ್ನು ಒಯ್ಯುವಂತೆಯೇ ಇಲ್ಲ. ಆ್ಯಲನ್‌ನಲ್ಲಿ ಕೊಲೆಗಾರನ ಕೈಯಲ್ಲಿದ್ದುದು ರೈಫಲ್. ಅವನನ್ನು ಕೊನೆಗಾಣಿಸಿದ್ದು ಬೇರೆ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ಪೊಲೀಸ್ ಅಧಿಕಾರಿ. ಐದು ತೋಟಾದ ಈ ಪುಟ್ಟ ಆಯುಧ ತಕ್ಕದ್ದಾಗುವುದು ರಾತ್ರಿ ಪೆಟ್ರೋಲ್ ಬಂಕಿನಲ್ಲೋ ಪಾರ್ಕಿಂಗ್ ಜಾಗದಲ್ಲೋ ಮೈಮೇಲೆ ಬಿದ್ದವನ ಎದುರು, ನಾಲ್ಕೈದು ಹೆಜ್ಜೆಯೊಳಗೆ. ಭಯ ಹುಟ್ಟಿಸಿದ ಘಟನೆ ಒಂದು, ಕೊಂಡ ವಸ್ತು ಒದಗುವ ಘಟನೆ ಇನ್ನೊಂದು ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ಅಂಗಡಿಯವರು ಹೇಳದೇ ಬಿಡುವ ಇನ್ನೊಂದು ಮಾತಿದೆ, ಅದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೂ ಇದೆ. ಹೊಸಬರು ಬಂದರೆ, ಅದರಲ್ಲೂ ಮಹಿಳೆಯರು ಬಂದರೆ, ಕೌಂಟರಿನ ಹಿಂದಿರುವವನು ಮೊದಲು ಗಾಜಿನ ಕೆಳಗಿನಿಂದ ಹೊರತೆಗೆಯುವುದು ಈ ಸಣ್ಣ ರಿವಾಲ್ವರನ್ನೇ: ಹಗುರ, ಸರಳ, ಪಿಸ್ತೂಲಿನ ಹಾಗೆ ಸ್ಲೈಡ್ ಎಂಬ ಮೇಲಿನ ಜಾರುಭಾಗವನ್ನು ಹಿಂದಕ್ಕೆಳೆಯುವ ಕಷ್ಟವಿಲ್ಲ, ತೋಟಾ ತುಂಬಿ ಸಿಲಿಂಡರ್ ಮುಚ್ಚಿದರೆ ಸಿದ್ಧ. ಇವೆಲ್ಲ ನಿಜವೇ. ಆದರೆ ಹೊರಲು ಸುಲಭವಾದುದು ಗುರಿಯಿಡಲು ಅಷ್ಟೇ ಕಷ್ಟ. 642ರಲ್ಲಿ ತೋಟಾ ಸಿಡಿಸುವ ಸುತ್ತಿಗೆ, ಅಂದರೆ ಹ್ಯಾಮರ್, ಒಳಗೇ ಅಡಗಿರುವುದರಿಂದ ಅದನ್ನು ಮೊದಲೇ ಹಿಂದಕ್ಕೆಳೆದು ಟ್ರಿಗರನ್ನು ಹಗುರ ಮಾಡಿಕೊಳ್ಳುವಂತಿಲ್ಲ. ಪ್ರತಿ ಗುಂಡಿಗೂ ಉದ್ದಕ್ಕೆ, ಬಿಗಿಯಾಗಿ, ಒಂದೇ ಸಮನೆ ಎಳೆಯಬೇಕು, ಎಳೆಯುವಾಗ ನಳಿಗೆ ಅಲುಗಬಾರದು. ನಳಿಗೆ ಗಿಡ್ಡವಾದುದರಿಂದ ಗುರಿ ನೋಡುವ ಹಿಂದಿನ ಸೀಳಿಗೂ ಮುಂದಿನ ಮೊನೆಗೂ ಅಂತರ ಕಡಿಮೆ, ಹಾಗಾಗಿ ಕೂದಲೆಳೆಯಷ್ಟು ತಪ್ಪಿದರೂ ಏಳು ಗಜದಲ್ಲಿ ಗುಂಡು ಎತ್ತಲೋ ಹೋಗುತ್ತದೆ. ತೂಕ ಕಡಿಮೆಯಾದುದರಿಂದ ಹಿಂದೊದೆತವೆಲ್ಲ ಅಂಗೈಗೇ. ಇದು ಹಾರಿಸುವ ಪಾಯಿಂಟ್ 38 ಸ್ಪೆಷಲ್ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡ ರಿವಾಲ್ವರುಗಳಿಗಾಗಿ ಹುಟ್ಟಿದ ತೋಟಾ. ಅದನ್ನೇ 1950ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಅಂಗೈಯಗಲದ, ಐದು ಕೋಣೆಯ ಚೌಕಟ್ಟಿನೊಳಗೆ ಕೂರಿಸಿತು, ಆಮೇಲೆ ಆ ಚೌಕಟ್ಟನ್ನು ಅಲ್ಯೂಮಿನಿಯಮ್ಮಿನಲ್ಲೂ ಮಾಡಿತು. 2009ರಲ್ಲಿ ರೂಗರ್ ಕಂಪನಿಯು ಪಾಲಿಮರ್ ಬಳಸಿ ತಂದ ಎಲ್‌ಸಿಆರ್ ಎಂಬ ರಿವಾಲ್ವರ್ ಇನ್ನೂ ಹಗುರ. ಟ್ರಿಗರ್ ನುಣುಪು, ಒದೆತ ಕಡಿಮೆಯೇನಲ್ಲ. ಎರಡು ಮೂರು ಸುತ್ತು ಹಾರಿಸುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯತೊಡಗಿ, ಒದೆತಕ್ಕೆ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸವಾಗಿಬಿಡುತ್ತದೆ. ಹೊಸಬರು ಅಲ್ಲಿಗೆ ಅಭ್ಯಾಸ ನಿಲ್ಲಿಸುತ್ತಾರೆ, ರಿವಾಲ್ವರ್ ಮಾತ್ರ ಜೇಬಿನಲ್ಲಿ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಪಳಗಿದ ಕೈಗೆ ತಕ್ಕ ಆಯುಧವೇ ಹೊರತು ಕಲಿಯುವವರ ಆಯುಧವಲ್ಲ. ಕಲಿಯುವವರು ಭಾರದ, ಉದ್ದ ನಳಿಗೆಯ, ಪಾಯಿಂಟ್ 22 ಎಂಬ ಸಣ್ಣ ತೋಟಾದ ಬಂದೂಕಿನಿಂದ ಶುರುಮಾಡಿ, ಆಮೇಲೆ ಇದಕ್ಕೆ ಬರಬೇಕು. ಬಂದ ಮೇಲೂ ವಾಡ್‌ಕಟರ್ ಎಂಬ ಮೃದು ತೋಟಾಗಳಿಂದ ಅಭ್ಯಾಸ ಮಾಡಬೇಕು, ಮನೆಯಲ್ಲಿ ನಕಲಿ ತೋಟಾ ಹಾಕಿ ಟ್ರಿಗರ್ ಎಳೆತವನ್ನು ರೂಢಿಸಿಕೊಳ್ಳಬೇಕು.

ಹೊರುವುದಕ್ಕೆ ಜೇಬಿನೊಳಗಿಡುವ ಹೋಲ್‌ಸ್ಟರ್ ಎಂಬ ಒರೆ ಇಲ್ಲದೆ ಆಗದು. ಈ ರಿವಾಲ್ವರಿಗೆ ಸೇಫ್ಟಿ ಗುಂಡಿ ಎಂಬುದಿಲ್ಲ. ಟ್ರಿಗರಿನ ಬಿಗಿಯೇ ಅದರ ಭದ್ರತೆ. ಆದ್ದರಿಂದ ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಪೆನ್ನು ಏನೂ ಇರಬಾರದು. ಪ್ಯಾಂಟಿನ ಬಲಜೇಬು ಖಾಯಮ್ಮಾಗಿ ಅದರದ್ದಾಗಿ, ಉಳಿದುದೆಲ್ಲ ಎಡಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಊರಿನಲ್ಲಿ ಬೆವರು, ಬಟ್ಟೆಯ ನೂಲಿನ ಧೂಳು ಎರಡೂ ಅದರೊಳಗೆ ಸೇರುವುದರಿಂದ ಆಗಾಗ ಬಿಚ್ಚಿ ಒರೆಸಬೇಕು.

ಆಮೇಲೆ ಬಾಗಿಲುಗಳ ಲೆಕ್ಕ. ಯಾವುದೇ ಅಂಗಡಿಗೆ ಹೋದರೂ ಮೊದಲು ಬಾಗಿಲಿನ ಪಕ್ಕದ ಫಲಕ ನೋಡುವ ಅಭ್ಯಾಸವಾಗುತ್ತದೆ. ಟೆಕ್ಸಸ್ ದಂಡಸಂಹಿತೆಯ 30.06ನೇ ಕಲಮಿನ ಫಲಕವಿದ್ದರೆ ಪರವಾನಗಿ ಇರುವವರೂ ಮರೆಯಲ್ಲಿಟ್ಟುಕೊಂಡು ಒಳಗೆ ಹೋಗುವಂತಿಲ್ಲ, 30.07 ಇದ್ದರೆ ಕಾಣುವಂತೆ ಒಯ್ಯುವಂತಿಲ್ಲ. ಫಲಕ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಒಂದು ಅಂಗುಲ ಎತ್ತರವಿರಬೇಕು ಎಂಬಷ್ಟು ವಿವರವಾಗಿ ಕಾನೂನು ಬರೆದಿದ್ದಾರೆ. ಶಾಲಾ ಕಟ್ಟಡಗಳೊಳಗೆ ಫಲಕವಿರಲಿ ಬಿಡಲಿ ಸಾಮಾನ್ಯರಿಗೆ ನಿಷೇಧ. ನಮ್ಮ ಸಂಘದ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳು ಬಹುಪಾಲು ಶಾಲೆಯ ಸಭಾಂಗಣಗಳಲ್ಲೇ ನಡೆಯುವುದರಿಂದ ಆ ದಿನ ಅದು ಮನೆಯ ತಿಜೋರಿಯಲ್ಲೇ ಇರುತ್ತದೆ. ಪೂಜಾಸ್ಥಳಗಳ ವಿಷಯ ಬೇರೆ: 2019ರ ಕಾನೂನಿನ ನಂತರ, ಆಡಳಿತದವರು ಬೇಡವೆಂದು ತಿಳಿಸದಿದ್ದರೆ ಒಯ್ಯಬಹುದು. ಅದೇ ವರ್ಷ ಡಿಸೆಂಬರಿನಲ್ಲಿ ಫೋರ್ಟ್‌ವರ್ತ್ ಬಳಿಯ ವೈಟ್ ಸೆಟ್ಲ್‌ಮೆಂಟ್ ಊರಿನ ಚರ್ಚಿನಲ್ಲಿ ಗುಂಡು ಹಾರಿಸಿ ಇಬ್ಬರನ್ನು ಕೊಂದವನನ್ನು ಅಲ್ಲಿನ ಸದಸ್ಯರೊಬ್ಬರೇ ಕ್ಷಣಾರ್ಧದಲ್ಲಿ ಹೊಡೆದುರುಳಿಸಿದ್ದನ್ನು ಇಲ್ಲಿಯ ಜನ ಇಂದಿಗೂ ಉದಾಹರಿಸುತ್ತಾರೆ. ದೇವಸ್ಥಾನಕ್ಕೆ ನಾನು ಒಯ್ಯುವುದಿಲ್ಲ. ಅದಕ್ಕೆ ತತ್ವದ ಕಾರಣವೂ ಇದೆ, ಪಂಚೆಗೆ ಜೇಬಿಲ್ಲವೆಂಬ ಕಾರಣವೂ ಇದೆ. ಕಾರಿನಲ್ಲಿ ಬಿಡುವುದಾದರೆ ಸೀಟಿನ ಕೆಳಗೆ ಬೆಸೆದ ಬೀಗದ ಪೆಟ್ಟಿಗೆ ಬೇಕು, ಏಕೆಂದರೆ ಇಲ್ಲಿ ಕದ್ದುಹೋಗುವ ಬಂದೂಕುಗಳಲ್ಲಿ ಬಹಳಷ್ಟು ಕಾರುಗಳಿಂದಲೇ ಹೋಗುತ್ತವೆ. ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ ಗುರುತಿನ ಚೀಟಿ ಕೇಳಿದರೆ ಚಾಲನಾ ಪತ್ರದ ಜೊತೆ ಈ ಪರವಾನಗಿಯನ್ನೂ ಕೊಡಬೇಕು. ಕೊಡುವ ಮೊದಲು ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಎಲ್ಲಿದೆ ಎಂದು ಬಾಯಲ್ಲಿ ಹೇಳಿ, ಅವರು ಹೇಳಿದಂತೆ ಮಾಡುವುದು ಬುದ್ಧಿವಂತಿಕೆ.

ಇನ್ನು ಬಳಸುವ ಮಾತು. 2007ರಲ್ಲಿ ಟೆಕ್ಸಸ್ ತನ್ನ ಆತ್ಮರಕ್ಷಣೆಯ ಕಾನೂನನ್ನು ತಿದ್ದಿ, ಇರುವ ಹಕ್ಕುಳ್ಳ ಜಾಗದಲ್ಲಿ ಇದ್ದುಕೊಂಡು, ಕೆಣಕದೆ, ಅಪರಾಧದಲ್ಲಿ ತೊಡಗಿರದೆ ಇರುವವನು ಹಿಮ್ಮೆಟ್ಟಬೇಕಾಗಿಲ್ಲ ಎಂದು ಹೇಳಿತು. ಇದನ್ನು ಅರ್ಧ ಕೇಳಿಸಿಕೊಂಡವರು ಟೆಕ್ಸಸ್‌ನಲ್ಲಿ ಯಾರನ್ನು ಬೇಕಾದರೂ ಹೊಡೆಯಬಹುದು ಎಂದುಕೊಂಡಿದ್ದಾರೆ. ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿತ್ತು ಎಂಬ ನಂಬಿಕೆ ಸಮಂಜಸವಾದದ್ದೇ ಎಂಬುದನ್ನು ಆಮೇಲೆ ಪೊಲೀಸರು, ಸರ್ಕಾರಿ ವಕೀಲರು, ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ತಂಡವಾದ ಗ್ರ್ಯಾಂಡ್ ಜ್ಯೂರಿ ಅಳೆಯುತ್ತಾರೆ. ಅದು ಮುಗಿಯುವ ತನಕ ಕೆಲಸ, ಹಣ, ನಿದ್ದೆ ಯಾವುದೂ ನೆಟ್ಟಗಿರುವುದಿಲ್ಲ. ಹಾಗಾಗಿ ಇದನ್ನು ಹೊರುವವನು ಹೆಚ್ಚು ತಗ್ಗಿ ನಡೆಯಬೇಕಾಗುತ್ತದೆ. ಹೆದ್ದಾರಿಯಲ್ಲಿ ಅಡ್ಡ ಬಂದವನಿಗೆ ಹಾರ್ನ್ ಒತ್ತಿ ಬೈಯುವುದು, ಪಾರ್ಕಿಂಗಿನಲ್ಲಿ ವಾದಕ್ಕೆ ನಿಲ್ಲುವುದು, ಇವೆಲ್ಲ ಬರಿಗೈಯವರಿಗೆ ಇರುವ ಸ್ವಾತಂತ್ರ್ಯ.

ನಮ್ಮ ಮಲೆನಾಡಿನ ಮನೆಗಳಲ್ಲೂ ಕೋವಿ ಇರುತ್ತದೆ. ತೋಟಕ್ಕೆ ಬರುವ ಮಂಗ, ಕಾಡುಹಂದಿಗಳನ್ನು ಬೆದರಿಸಲು ಇಟ್ಟ ಒಂಟಿನಳಿಗೆ, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕಾದ ರಗಳೆ, ಆಯುಧಪೂಜೆಯ ದಿನ ಕುಂಕುಮ. ಕೊಡವರಿಗಂತೂ ಲೈಸೆನ್ಸಿನಿಂದಲೇ ವಿನಾಯಿತಿಯಿದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿದೆ. ಆ ಕೋವಿಗೆ ಬೆಳೆ, ಬೇಟೆ, ಮನೆತನದ ಗೌರವ ಎಂದು ನೂರು ನೆಪಗಳಿವೆ. ಈ ರಿವಾಲ್ವರಿಗೆ ಅಂಥ ಯಾವ ನೆಪವೂ ಇಲ್ಲ. ಅದರಿಂದ ಹಂದಿ ಓಡಿಸಲಾಗದು, ಬೇಟೆಯಾಡಲಾಗದು. ಹತ್ತಿರ ನಿಂತ ಮನುಷ್ಯನಿಗೆಂದೇ ಅದನ್ನು ಮಾಡಿದ್ದಾರೆ, ಇಟ್ಟುಕೊಂಡವರು ಅದನ್ನು ಒಪ್ಪಿಕೊಂಡೇ ಇಟ್ಟುಕೊಳ್ಳಬೇಕು.

ಮನೆಯೊಳಗಿನ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕಳ್ಳನ ಬಗ್ಗೆ ಯೋಚಿಸಿ ಕೊಂಡವರು ಈ ಅಂಕಿಯ ಬಗ್ಗೆ ಯೋಚಿಸಿರುವುದಿಲ್ಲ. ಕೆಲಸ ಹೋದ ಗಂಡ, ಊರು ಬಿಟ್ಟು ಬಂದು ಮನೆಯಲ್ಲೇ ಕುಳಿತು ಕುಗ್ಗಿದ ಹೆಂಡತಿ, ಪರೀಕ್ಷೆಯ ಒತ್ತಡದ ಹದಿಹರೆಯದ ಮಗ, ಇವರಲ್ಲಿ ಯಾರಾದರೂ ಇರುವ ಮನೆಗೆ ರಿವಾಲ್ವರ್ ತರಬಾರದು, ತಂದಿದ್ದರೆ ಆ ಕಾಲ ಕಳೆಯುವ ತನಕ ಹೊರಗೆ ಕೊಟ್ಟಿಡಬೇಕು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. 17 ವರ್ಷದೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ. ನಮ್ಮ ಮನೆಯಲ್ಲಿ ಅದು ಒಂದೋ ನನ್ನ ಮೈಮೇಲಿರುತ್ತದೆ, ಇಲ್ಲವೇ ಬೀಗದ ಪೆಟ್ಟಿಗೆಯೊಳಗೆ. ಮೂರನೆಯ ಜಾಗ ಎಂಬುದಿಲ್ಲ. ಬೀರುವಿನ ಮೇಲೆ, ಸೀರೆಯ ಮಡಿಕೆಯ ಕೆಳಗೆ ಎಂಬ ನಮ್ಮ ಪರಂಪರಾಗತ ಗುಪ್ತಸ್ಥಳಗಳೆಲ್ಲ ಮಕ್ಕಳಿಗೆ ಮೊದಲೇ ಗೊತ್ತಿರುತ್ತವೆ.

ಊರಿಗೆ ಬರುವವರಿಗೆ ಒಂದು ಎಚ್ಚರಿಕೆ. ರಿವಾಲ್ವರನ್ನು ಯಾರೂ ತರುವುದಿಲ್ಲ, ತೊಂದರೆ ಬರುವುದು ಉಳಿದುಹೋದ ಒಂಟಿ ತೋಟಾದಿಂದ. ರೇಂಜಿಗೆ ಒಯ್ದ ಚೀಲದ ಒಳಜೇಬಿನಲ್ಲಿ ಒಂದೇ ಒಂದು ತೋಟಾ ಸಿಕ್ಕಿದರೂ ಭಾರತದ ವಿಮಾನ ನಿಲ್ದಾಣಗಳಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಮೇಲೆ ಪ್ರಕರಣ ದಾಖಲಾಗುತ್ತದೆ. ಅರಿವಿಲ್ಲದೆ ಉಳಿದದ್ದೆಂದು ದೆಹಲಿ ಹೈಕೋರ್ಟ್ ಇಂಥ ಹಲವು ಪ್ರಕರಣಗಳನ್ನು ರದ್ದುಮಾಡಿದೆ ನಿಜ, ಆದರೆ ಆ ಹಂತ ತಲುಪುವಷ್ಟರಲ್ಲಿ ರಜೆ ಮುಗಿದು, ಪಾಸ್‌ಪೋರ್ಟ್ ಠಾಣೆಯಲ್ಲೋ ನ್ಯಾಯಾಲಯದಲ್ಲೋ ಉಳಿದಿರಬಹುದು. ರೇಂಜಿನ ಚೀಲ ರೇಂಜಿಗೆ ಮಾತ್ರ ಇರಲಿ. ಊರಿಗೆ ಹೊರಡುವ ಪೆಟ್ಟಿಗೆಯಲ್ಲಿ ಅದನ್ನು ಎಂದೂ ಹಾಕಬೇಡಿ, ಬೇರೆಯವರಿಂದ ಎರವಲು ಪಡೆದ ಚೀಲವಾದರೆ ಹೊಲಿಗೆಯವರೆಗೂ ತಡವಿ ನೋಡಿ.