ಎಡಪುಟ, ಬಲಪುಟ

ಭಾನುವಾರ, 9 ನವೆಂಬರ್ 2025
ಬೆಂಗಳೂರು

ಫೋನಿನಲ್ಲೇ ಎಲ್ಲಾ ಕಾಮಿಕ್ಸ್ ಸಿಗುವಾಗ ದುಡ್ಡು ಕೊಟ್ಟು ಪುಸ್ತಕ ಯಾಕೆ ತರ್ತೀಯ ಅಂತ ಅಕ್ಕ ಕೇಳುತ್ತಲೇ ಇರುತ್ತಾಳೆ. ಅವಳ ಮಗಳಿಗೆ ಒಂಬತ್ತು ವರ್ಷ. ಶಾಲೆಯಿಂದ ಬಂದ ಕೂಡಲೇ ಅಮ್ಮನ ಫೋನ್ ಹಿಡಿದು ಆಸ್ಟರಿಕ್ಸ್ ಅನ್ನುವ ಫ್ರೆಂಚ್ ಕಾಮಿಕ್ಸ್ ಓದಲು ಕೂರುತ್ತಾಳೆ. ಈ ಕಾಲದಲ್ಲಿ ಓದುವ ಹುಚ್ಚು ಹಿಡಿದಿದೆಯಲ್ಲ, ನನಗಂತೂ ತುಂಬಾ ಖುಷಿ. ಆದರೆ ಅಕ್ಕನ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕಲ್ಲ. ಹೊಸ ಪುಸ್ತಕದ ವಾಸನೆ ಅಂತೆಲ್ಲ ಹೇಳಿದರೆ ಅವಳು ಒಪ್ಪುವವಳಲ್ಲ. ನನಗೂ ಅಷ್ಟು ಸಾಲದು.

ಇವತ್ತು ಊಟ ಮುಗಿದ ಮೇಲೆ ಪುಟ್ಟಿಯನ್ನು ಕೂರಿಸಿಕೊಂಡು ಒಂದೇ ಕಥೆಯನ್ನು ಎರಡೂ ಕಡೆ ತೆರೆದೆ. ಚಾಪೆಯ ಮೇಲೆ ಒಂದು ಕಡೆ ಫೋನ್, ಪಕ್ಕದಲ್ಲಿ ನನ್ನ ಹಳೇ ಆಸ್ಟರಿಕ್ಸ್. ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಪುಸ್ತಕ ಅದು. ಅವಳು ಓದುವ ಆ್ಯಪ್‌ನಲ್ಲಿ ಒಂದು ಸಲಕ್ಕೆ ಒಂದೇ ಚೌಕ ಕಾಣುತ್ತದೆ. ಬೆರಳಿನಿಂದ ತಟ್ಟಿದರೆ ಮುಂದಿನ ಚೌಕ. ಇದನ್ನು ಗೈಡೆಡ್ ವ್ಯೂ ಅನ್ನುತ್ತಾರೆ. 2007ರಲ್ಲಿ ಶುರುವಾದ ಕಾಮಿಕ್ಸಾಲಜಿ ಕಂಪನಿ ಇದನ್ನು ಎಲ್ಲರಿಗೂ ರೂಢಿ ಮಾಡಿಸಿತು. ಚಿಕ್ಕ ಪರದೆಯಲ್ಲಿ ಅಕ್ಷರ ಓದಲು ಇದು ಬೇಕೇ ಬೇಕು. ಅದಿಲ್ಲದೆ ಇಡೀ ಪುಟವನ್ನು ಫೋನಿನಲ್ಲಿ ಹಾಕಿದರೆ ಇರುವೆ ಸಾಲಷ್ಟೇ ಕಾಣುವುದು.

ನಾವು ನೋಡಿದ್ದು ಕೊನೆಯ ಪುಟ. ಆಸ್ಟರಿಕ್ಸ್ ಓದಿದವರಿಗೆ ಗೊತ್ತು, ಕಥೆ ಮುಗಿಯುವುದು ಊರೂಟದಲ್ಲಿ. ನಕ್ಷತ್ರಗಳ ಕೆಳಗೆ ದೊಡ್ಡ ಮೇಜು, ಸುಟ್ಟ ಕಾಡುಹಂದಿ, ಊರಿಗೆ ಊರೇ ಸೇರಿರುತ್ತದೆ. ಹಾಡುಗಾರ ಕಕೊಫೋನಿಕ್ಸ್‌ನನ್ನು ಮಾತ್ರ ಬಾಯಿ ಕಟ್ಟಿ ಒಂದು ಮೂಲೆಗೆ ಹಾಕಿರುತ್ತಾರೆ. ಪುಸ್ತಕದಲ್ಲಿ ಆ ಚಿತ್ರ ಪುಟದ ಅರ್ಧ ಭಾಗ ತುಂಬಿಕೊಂಡಿದೆ. ಪುಟ್ಟಿ ಅದರ ಮೇಲೆ ಬಗ್ಗಿ ಒಬ್ಬೊಬ್ಬರನ್ನೇ ಬೆರಳಿಟ್ಟು ಹುಡುಕಿದಳು.

"ಮಾಮ, ಇವ್ನು ಮೀನು ಮಾರೋನು ಅಲ್ವಾ? ಇಲ್ಲೂ ಜಗಳ ಆಡ್ತಿದ್ದಾನೆ ನೋಡು!"

"ಫೋನಲ್ಲೂ ಇದ್ದಾನಲ್ಲ ಪುಟ್ಟಿ."

"ಅದ್ರಲ್ಲಿ ನಾನು ನೋಡ್ಲೇ ಇಲ್ಲ. ಮುಗೀತು ಅಂತ ತಟ್ಬಿಟ್ಟೆ."

ಅವಳು ಹೇಳಿದ್ದರಲ್ಲೇ ಉತ್ತರ ಇತ್ತು. ಫೋನಿನಲ್ಲಿ ಎಲ್ಲಾ ಚೌಕವೂ ಪರದೆಯಷ್ಟೇ. ಪುಟದ ಮೂಲೆಯಲ್ಲಿದ್ದ ಪುಟಾಣಿ ಚೌಕ ಉಬ್ಬಿ ಪರದೆ ತುಂಬುತ್ತದೆ. ಅರ್ಧ ಪುಟದ ಊರೂಟ ಕುಗ್ಗಿ ಅದೇ ಪರದೆಗೆ ಬರುತ್ತದೆ. ಆದರೆ ಆ ಊರೂಟ ದೊಡ್ಡದು ಅನ್ನಿಸುವುದೇ ಅದರ ಮೇಲೆ ಚಿಕ್ಕ ಚಿಕ್ಕ ಚೌಕಗಳು ಒತ್ತಾಗಿ ಕೂತಿರುವುದರಿಂದ. ಯಾವುದು ಹಿಗ್ಗಬೇಕು, ಯಾವುದು ಕುಗ್ಗಬೇಕು ಅನ್ನುವುದನ್ನು ಚಿತ್ರ ಬರೆದವರು, ಅಂದರೆ ಉದೆರ್ಜೊ, ಕೈಯಾರೆ ಅಳೆದು ಇಟ್ಟಿದ್ದಾರೆ. ಆ ಅಳತೆ ಹೋದರೆ ಕಥೆ ಉಳಿಯುತ್ತದೆ ನಿಜ, ಪುಟ ಹೋಗುತ್ತದೆ. ಅಂಗಳ ತುಂಬಾ ಬಿಟ್ಟ ರಂಗೋಲಿಯನ್ನು ಬಾಗಿಲ ಸಂದಿಯಿಂದ ತುಣುಕು ತುಣುಕಾಗಿ ನೋಡಿದ ಹಾಗೆ.

ಪುಟ ತಿರುವುವುದರಲ್ಲೂ ಇಂಥದ್ದೇ ಲೆಕ್ಕ ಇದೆ. ಬೆಲ್ಜಿಯಮ್ಮಿನ ಚಿತ್ರಕಾರ ಹರ್ಜೆ ಟಿನ್‌ಟಿನ್ ಕಥೆಗಳನ್ನು ಮೊದಲು ಪತ್ರಿಕೆಯಲ್ಲಿ ಕಂತು ಕಂತಾಗಿ ಬರೆದವರು. ಹಾಗಾಗಿ ಪುಟದ ಕೊನೇ ಚೌಕದಲ್ಲಿ ಏನಾದರೂ ಒಂದು ಪ್ರಶ್ನೆ ಬಿಟ್ಟೇ ಬಿಡುತ್ತಿದ್ದರು. ಬಾಗಿಲು ತೆರೆಯುತ್ತದೆ, ಯಾರು ಬಂದರು ಗೊತ್ತಿಲ್ಲ. ಕಾಗದದಲ್ಲಾದರೆ ಬಲಪುಟದ ತುದಿಗೆ ಬಂದಾಗ ಕೈ ತಾನಾಗಿ ಹಾಳೆಯ ಮೂಲೆಗೆ ಹೋಗುತ್ತದೆ. ತಿರುವಿದ ಕೂಡಲೇ ಎಡಪುಟದಲ್ಲಿ ಉತ್ತರ. ಆ ಅರೆಕ್ಷಣ ಓದುವವರ ಕೈಯಲ್ಲೇ ಇರುತ್ತದೆ. ಫೋನಿನಲ್ಲಿ ಪ್ರತಿ ಚೌಕಕ್ಕೂ ತಟ್ಟುತ್ತಲೇ ಇರುವುದರಿಂದ ಯಾವ ತಟ್ಟುವಿಕೆಗೂ ತೂಕ ಇಲ್ಲ.

ಹಾಗಂತ ಪರದೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಪರದೆಗೇ ಬರೆದದ್ದು ಬೇಕಾದಷ್ಟಿದೆ. ಕೊರಿಯಾದ ವೆಬ್‌ಟೂನ್‌ಗಳನ್ನೇ ನೋಡಿ. ಫೋನಿನಲ್ಲಿ ಓದಲೆಂದೇ ಬರೆಯುವ ಕಾಮಿಕ್ಸ್ ಅವು. ಅಲ್ಲಿನ ನೇವರ್ ಕಂಪನಿ ತನ್ನ ವೆಬ್‌ಟೂನ್ ತಾಣವನ್ನು 2004ರಲ್ಲಿ ಶುರು ಮಾಡಿತು. ಅದರಲ್ಲಿ ಪುಟವೇ ಇಲ್ಲ, ಮೇಲಿನಿಂದ ಕೆಳಕ್ಕೆ ಒಂದೇ ಉದ್ದ. ಒಬ್ಬ ಮಹಡಿಯಿಂದ ಬೀಳುತ್ತಾನೆ ಅಂದರೆ ನಮ್ಮ ಹೆಬ್ಬೆರಳು ಎಳೆದಷ್ಟು ಹೊತ್ತೂ ಅವನು ಬೀಳುತ್ತಿರುತ್ತಾನೆ. ಎರಡು ಚಿತ್ರಗಳ ನಡುವೆ ಬಿಟ್ಟ ಖಾಲಿ ಜಾಗವೇ ಅಲ್ಲಿ ಸಮಯ. ಅದನ್ನು ಪುಸ್ತಕ ಮಾಡಬೇಕಾದರೆ ಕತ್ತರಿಸಿ ಪುಟಕ್ಕೆ ಜೋಡಿಸಬೇಕು, ಆಗ ಆ ಬೀಳುವಿಕೆ ಹೋಗುತ್ತದೆ. ಅದನ್ನು ಫೋನಿನಲ್ಲೇ ಓದಬೇಕು.

ಇನ್ನೊಂದು ಹೇಳಿದರೆ ನನ್ನ ವಾರಗೆಯವರಿಗೆ ಕೋಪ ಬರಬಹುದು. ಫ್ಯಾಂಟಮ್ ಕೂಡ ಫೋನಿಗೆ ಚೆನ್ನಾಗಿ ಹೊಂದುತ್ತದೆ! ಲೀ ಫಾಕ್ 1936ರಲ್ಲಿ ಅದನ್ನು ಶುರು ಮಾಡಿದ್ದು ದಿನಪತ್ರಿಕೆಗೆ. ದಿನಕ್ಕೆ ಮೂರು ನಾಲ್ಕು ಚೌಕದ ಒಂದು ಸಾಲು, ಅಷ್ಟೇ. ನಾವು ಓದಿದ ಇಂದ್ರಜಾಲ ಕಾಮಿಕ್ಸ್‌ನವರು ಆ ಸಾಲುಗಳನ್ನು ಬಿಡಿಸಿ ಪುಟಕ್ಕೆ ಜೋಡಿಸುತ್ತಿದ್ದರು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಿಂದ 1990ರವರೆಗೆ ತಂದ ಪುಸ್ತಕಗಳು ಅವು, ಕನ್ನಡದಲ್ಲೂ ಬರುತ್ತಿದ್ದವು. ನಮ್ಮೂರಿನ ಬಾಡಿಗೆ ಲೈಬ್ರರಿಯಲ್ಲಿ ನಾಲ್ಕಾಣೆ ಕೊಟ್ಟು ತಂದು, ರಾತ್ರಿಯೊಳಗೆ ಮನೆಮಂದಿಯೆಲ್ಲ ಓದಿ, ಬೆಳಗ್ಗೆ ವಾಪಸ್ ಕೊಡುತ್ತಿದ್ದೆವು. ಆ ಪುಸ್ತಕದ ಮೇಲೆ ನನಗಿರುವ ಪ್ರೀತಿ ಬೇರೆ. ಆದರೂ ದಿನಕ್ಕೊಂದು ಸಾಲು ಅಂತ ಬರೆದದ್ದನ್ನು ಫೋನ್ ಅಡ್ಡ ಹಿಡಿದು ಸಾಲಾಗಿಯೇ ಓದಿದರೆ, ಬರೆದವರು ಅಂದುಕೊಂಡ ಲಯ ಸಿಗುತ್ತದೆ. ಹಿಂದಿನ ದಿನದ ಕಥೆಯನ್ನು ಮೊದಲ ಚೌಕದಲ್ಲಿ ಯಾಕೆ ನೆನಪಿಸುತ್ತಾರೆ ಅನ್ನುವುದೂ ಆಗ ಅರ್ಥ ಆಗುತ್ತದೆ.

ಹಾಗಾಗಿ ನನಗೆ ಮುಖ್ಯ ಆದದ್ದು ಒಂದೇ: ಯಾವುದಕ್ಕಾಗಿ ಬರೆದರು? ಪುಟಕ್ಕೆ ಬರೆದದ್ದನ್ನು ಪುಟದಲ್ಲಿ ನೋಡಬೇಕು. ಮಿಕ್ಕಿದ್ದಕ್ಕೆ ಫೋನ್ ಧಾರಾಳ ಸಾಕು.

ಸಂಜೆ ಕಾಫಿ ಆದ ಮೇಲೆ ಅಪ್ಪನ ಭೂತಗನ್ನಡಿ ತಂದು ಒಂದು ಹಳೇ ಅಮರ ಚಿತ್ರ ಕಥೆಯ ಮೇಲೆ ಹಿಡಿದೆವು. ಕಂದು ಬಣ್ಣಕ್ಕೆ ತಿರುಗಿದ ಕಾಗದ, ಎರಡು ಪಿನ್ನಿನ ಹೊಲಿಗೆ. ಮರದ ಎಲೆಯ ಹಸಿರು ಅಂತ ನಾವು ಅಂದುಕೊಂಡದ್ದು ಗಾಜಿನಡಿ ಹಸಿರಾಗಿರಲೇ ಇಲ್ಲ, ಹಳದಿ ಮೇಲೆ ನೀಲಿ ಚುಕ್ಕಿಗಳು. ಮುಖದ ಬಣ್ಣದಲ್ಲಿ ಗುಲಾಬಿ ಚುಕ್ಕಿ. ಒಂದು ಕಡೆ ಬಣ್ಣ ಗೆರೆಯಿಂದ ಕೂದಲೆಳೆಯಷ್ಟು ಆಚೆ ಸರಿದಿತ್ತು, ಅಚ್ಚು ಹಾಕುವಾಗ ಹಾಳೆ ಅಲುಗಿದ ಗುರುತು. ಪುಟ್ಟಿ ಭೂತಗನ್ನಡಿ ಕೊಡಲೇ ಇಲ್ಲ. ಆಮೇಲೆ ಕ್ಯಾಲೆಂಡರ್, ಬಿಸ್ಕತ್ ಪ್ಯಾಕೆಟ್, ಎಲ್ಲದರ ಮೇಲೂ ಹಿಡಿದು ಚುಕ್ಕಿ ಹುಡುಕಿದಳು.

ಶುರುವಿನ ಅಮರ ಚಿತ್ರ ಕಥೆಗಳಲ್ಲಿ ದುಡ್ಡಿಲ್ಲದೆ ಹಳದಿ, ನೀಲಿ, ಹಸಿರು ಮಾತ್ರ ಬಳಸುತ್ತಿದ್ದರಂತೆ. ಪೂರ್ತಿ ಬಣ್ಣ ಬಂದದ್ದು ಆಮೇಲೆ. ಹಳೇ ಕಾಗದ ಮಸಿಯನ್ನು ಹೀರಿ ಬಣ್ಣವನ್ನು ಮಂಕು ಮಾಡುತ್ತದೆ. ಅದಕ್ಕೇ ಆಗಿನವರು ಗಾಢ ಬಣ್ಣ ಆರಿಸುತ್ತಿದ್ದರು. ಅದೇ ಗಾಢ ಬಣ್ಣವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ತುಂಬಿ ಹೊಳೆಯುವ ಪರದೆಗೆ ಹಾಕಿದಾಗ ಕಣ್ಣಿಗೆ ಹೊಡೆಯುತ್ತದೆ. ಚಿತ್ರ ಅದೇ, ಆದರೆ ಅಮರ ಚಿತ್ರ ಕಥೆಯ ಚಿತ್ರಕಾರ ರಾಮ್ ವಯೀರ್ಕರ್ ಎಳೆದ ಗೆರೆ ಬಣ್ಣದೊಳಗೆ ಮುಳುಗಿ ಹೋದ ಹಾಗೆ ಅನ್ನಿಸುತ್ತದೆ.

ಅಮರ ಚಿತ್ರ ಕಥೆಯ ವಿಷಯದಲ್ಲಿ ಕನ್ನಡದವರು ಮರೆಯಬಾರದ್ದು ಒಂದಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದನ್ನು ಇಂಗ್ಲಿಷಿನಲ್ಲಿ ತರುವ ಮೊದಲೇ, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅದೇ ಹೆಸರಿನಲ್ಲಿ ಕನ್ನಡದಲ್ಲಿ ಪುಸ್ತಕ ತಂದಿದ್ದರು. ಹೊರದೇಶದ ಮಕ್ಕಳ ಕಥೆಗಳು, ಮೊದಲ ಹತ್ತು ಸಂಚಿಕೆ. ಅದಕ್ಕೇ 'ಕೃಷ್ಣ' ಸಂಚಿಕೆಯ ಸಂಖ್ಯೆ 11. ಆ ಹತ್ತು ಕನ್ನಡ ಪುಸ್ತಕಗಳಲ್ಲಿ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ, ಆ್ಯಪ್‌ನಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. ಇದು ನನ್ನನ್ನು ನಿಜವಾಗಿ ಕಾಡುತ್ತದೆ.

ಫೋನಿನಲ್ಲಿ ಕೊಂಡದ್ದು ನಮ್ಮದೇ ಅನ್ನುವುದೂ ಪೂರ್ತಿ ಸರಿಯಲ್ಲ. ಜೆಮಾಂಗಾ ಅಂತ ಒಂದು ಜಪಾನಿ ಕಾಮಿಕ್ಸ್ ತಾಣ 2013ರಲ್ಲಿ ಮುಚ್ಚಿತು. ದುಡ್ಡು ಕೊಟ್ಟು ಕೊಂಡವರೂ ಓದದ ಹಾಗಾಯಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಪುಸ್ತಕದಂಗಡಿ ಮುಚ್ಚಿದಾಗ ದುಡ್ಡೇನೋ ವಾಪಸ್ ಕೊಟ್ಟಿತು, ಪುಸ್ತಕ ಹೋಯಿತು. ಕಾಮಿಕ್ಸಾಲಜಿಯನ್ನು ಅಮೆಜಾನ್ 2014ರಲ್ಲಿ ಕೊಂಡು, 2023ರ ಡಿಸೆಂಬರಿನಲ್ಲಿ ಅದರ ಆ್ಯಪನ್ನು ಕಿಂಡಲ್ ಒಳಗೆ ಸೇರಿಸಿಬಿಟ್ಟಿತು. ಈಗ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನೇ ಬಂದಿದೆ, 2025ರ ಜನವರಿಯಿಂದ. ಹೀಗೆ ಮಾರುವಾಗ ಇದು ಬರೀ ಓದುವ ಪರವಾನಗಿ ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು. ಒಳ್ಳೆಯದೇ ಆಯಿತು. ಫೈಲನ್ನೇ ನಮ್ಮ ಕೈಗೆ ಕೊಡುವ ಪ್ರಕಾಶಕರೂ ಇದ್ದಾರೆ. ಡಿಜಿಟಲ್ ಕೊಳ್ಳುವುದಾದರೆ ನಾನು ಅಂಥವರ ಹತ್ತಿರವೇ ಕೊಳ್ಳುತ್ತೇನೆ.

ಜಾಗದ ವಿಷಯದಲ್ಲಿ ಮಾತ್ರ ವಾದ ಮಾಡುವ ಹಾಗಿಲ್ಲ. ಜಪಾನಿನ ಕಾಮಿಕ್ಸ್ 'ಒನ್ ಪೀಸ್' 2021ರಲ್ಲೇ ನೂರು ಸಂಪುಟ ದಾಟಿತು. ಬಾಡಿಗೆ ಮನೆಯಲ್ಲಿ ಅದನ್ನೆಲ್ಲಿ ಇಡುವುದು? ದೊಡ್ಡಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆದ ಮೇಲೂ ಸಣ್ಣ ಅಕ್ಷರ ಓದಲು ಕಷ್ಟ. ಅವರು ಟ್ಯಾಬಿನಲ್ಲಿ ದೊಡ್ಡದು ಮಾಡಿಕೊಂಡು ಟಿಂಕಲ್ ಓದಿ ಸುಪ್ಪಂದಿಯನ್ನು ನೋಡಿ ಈಗಲೂ ನಗುತ್ತಾರೆ. ಆ ನಗುವಿನ ಮುಂದೆ ಕಾಗದ ಮೇಲು ಅಂತ ನಾನು ಸುಮ್ನೆ ಪಟ್ಟು ಹಿಡಿಯುವುದಿಲ್ಲ.

ಅಕ್ಕನಿಗೆ ರಾತ್ರಿ ಹೇಳಿದೆ: ಪುಟ್ಟಿ ಫೋನಿನಲ್ಲಿ ಎಲ್ಲಾ ಓದಲಿ, ಬಿಡು. ಯಾವುದನ್ನು ಎರಡನೇ ಸಲ, ಮೂರನೇ ಸಲ ಓದುತ್ತಾಳೋ ಅದನ್ನು ನಾನು ಪುಸ್ತಕ ತಂದು ಕೊಡುತ್ತೇನೆ. "ಓದಿ ಆದ್ಮೇಲೆ ಫ್ರೆಂಡ್ಸಿಗೆ ಕೊಡ್ತಾಳೆ, ಹರಿದು ವಾಪಸ್ ಬರುತ್ತೆ" ಅಂದಳು. ಬರಲಿ. ಆ್ಯಪ್‌ನಲ್ಲಿ ಕೊಂಡದ್ದನ್ನು ಪಕ್ಕದ ಮನೆ ಹುಡುಗಿಗೆ ಎರಡು ದಿನಕ್ಕೆ ಕೊಟ್ಟು ಬಾ ಅಂದರೆ ಆಗುವುದಿಲ್ಲ ಅಲ್ವಾ?

ಇದನ್ನು ಓದುತ್ತಿರುವವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ ಕನ್ನಡದ ಇಂದ್ರಜಾಲವೋ ಹಳೇ ಅಮರ ಚಿತ್ರ ಕಥೆಯೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಅನ್ನುವ ಮರದ ಅಂಶ ಬೆಳಕು ತಾಗಿದಷ್ಟೂ ಹಳದಿಯಾಗಿ, ಹಾಳೆ ಪುಡಿಯಾಗುತ್ತದೆ. ಹಾಗಾಗಿ ಬಿಸಿಲು ಬೀಳದ ಕಡೆ ಮಲಗಿಸಿ ಇಡಿ. ಮಲೆನಾಡು, ಕರಾವಳಿಯವರು ಪಿನ್ನುಗಳನ್ನು ಒಮ್ಮೆ ನೋಡಿ. ತುಕ್ಕು ಹಿಡಿದಿದ್ದರೆ ಮೆಲ್ಲಗೆ ಬಿಡಿಸಿ ತೆಗೆದು, ನಡುವೆ ದಾರದ ಹೊಲಿಗೆ ಹಾಕಿ. ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ, ಅದರ ಅಂಟು ಕಾಗದಕ್ಕೆ ಇಳಿದು ಕಂದು ಕಲೆ ಬಿಡುತ್ತದೆ. ಆ ಮೊದಲ ಹತ್ತರಲ್ಲಿ ಒಂದು ನಿಮ್ಮಲ್ಲಿದ್ದರೆ ನನಗೆ ತಿಳಿಸಿ. ಯಾವ ಊರಾದರೂ ಸರಿ, ಪುಟ್ಟಿಯನ್ನೂ ಭೂತಗನ್ನಡಿಯನ್ನೂ ಕರೆದುಕೊಂಡು ನೋಡಲು ಬರುತ್ತೇನೆ.