ಒದ್ದೆ ಕಲ್ಲಿದ್ದಲು ಬಂದಾಗ ಚ್ಯೂಟ್ ಕಟ್ಟದಂತೆ ನೋಡಿಕೊಳ್ಳುವುದು

ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿರುವಂಥ 210 ಮೆಗಾವ್ಯಾಟ್ ಘಟಕ ಪೂರ್ತಿ ಲೋಡಿನಲ್ಲಿ ಓಡಿದರೆ ಗಂಟೆಗೆ ಸುಮಾರು 140 ಟನ್ ಕಲ್ಲಿದ್ದಲು ಬೇಕು. ಹೆಚ್ಚುಕಮ್ಮಿ ದಿನಕ್ಕೊಂದು ರೇಕು, ಅಂದರೆ ಒಂದು ಇಡೀ ಗೂಡ್ಸ್ ರೈಲು. ರಾಯಚೂರಲ್ಲಿ ಮಳೆ ಕಡಿಮೆ, ನಿಜ. ಆದರೆ ಒಡಿಶಾದ, ತೆಲಂಗಾಣದ ಗಣಿಗಳಲ್ಲಿ ಸುರಿದ ಮಳೆ ವ್ಯಾಗನ್ನಿನಲ್ಲೇ ಕೂತು ಇಲ್ಲಿಗೆ ಬರುತ್ತದೆ.

ಆಗ ಮೊದಲು ಕೈಕೊಡುವುದು ಚ್ಯೂಟ್, ಅಂದರೆ ಒಂದು ಕನ್ವೇಯರ್ ಬೆಲ್ಟಿನಿಂದ ಇನ್ನೊಂದಕ್ಕೆ ಕಲ್ಲಿದ್ದಲು ಇಳಿಸುವ ತಗಡಿನ ಕೊಳವೆ. ಅದರಲ್ಲಿ ಬೀಳುವಾಗ ಒದ್ದೆ ಪುಡಿ ಜೇಡಿಮಣ್ಣಿನಂತೆ ಮೂಲೆಗೆ ಮೆತ್ತಿಕೊಳ್ಳುತ್ತದೆ. ಕಟ್ಟಿಕೊಂಡೀತೆಂದು ಆಪರೇಟರ್ ಬೆಲ್ಟಿನ ಲೋಡ್ ಅರ್ಧಕ್ಕೆ ಇಳಿಸುತ್ತಾರೆ. ಬಾಯ್ಲರಿಗೆ ಕಲ್ಲಿದ್ದಲು ಕೂಡಿಡುವ ಬಂಕರ್ ತುಂಬಲು ಎರಡರಷ್ಟು ಹೊತ್ತು ಹಿಡಿಯುತ್ತದೆ. ಖಾಲಿ ಬೆಲ್ಟ್ ತಿರುಗಿಸಲಿಕ್ಕೂ ಕರೆಂಟ್ ಬೇಕಲ್ಲ, ಗಂಟೆಗೆ 1000 ಟನ್ನಿನ ಬೆಲ್ಟಿಗೆ 500 ಟನ್ ಹಾಕಿದರೆ ಆ ಭಾಗದ ಖರ್ಚು ಟನ್ನಿಗೆ ದುಪ್ಪಟ್ಟು. ಬೆಲ್ಟಿನ ತೂಕದ ಯಂತ್ರ (ಬೆಲ್ಟ್ ಸ್ಕೇಲ್) ತೋರಿಸುವ ಟನ್, ಮೀಟರಿನ ಯೂನಿಟ್ ಎರಡನ್ನೂ ಶಿಫ್ಟಿಗೊಮ್ಮೆ ಬರೆದು ಭಾಗಿಸಿದರೆ ಇದು ಕಣ್ಣಿಗೇ ಕಾಣುತ್ತದೆ.

ಚ್ಯೂಟ್ ತಗಡಿನ ಇಳಿಜಾರು 60 ಡಿಗ್ರಿ ಇದ್ದರೂ ಎರಡು ತಗಡು ಕೂಡುವ ಮೂಲೆ ಅದಕ್ಕಿಂತ ಚಪ್ಪಟೆ. ಕಲ್ಲಿದ್ದಲು ನಿಲ್ಲುವುದು ಅಲ್ಲೇ. ಮೂಲೆಗೆ ಬಾಗಿದ ತಗಡು ಕೂರಿಸಿ ದುಂಡಗೆ ಮಾಡಬೇಕು. ಸವೆದು ಒರಟಾದ ಲೈನರ್ (ಒಳಪದರದ ತಗಡು) ತೆಗೆದು ನುಣುಪಾದ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕು. ಲೈನರ್ ಬೋಲ್ಟಿನ ತಲೆ ತಗಡಿನ ಮಟ್ಟಕ್ಕೆ ಇಳಿದಿರಲಿ. ಉಬ್ಬಿದ ಒಂದು ಬೋಲ್ಟ್ ಸಾಕು, ಮೆತ್ತಿಕೊಳ್ಳಲು ಶುರು.

ಬೆಲ್ಟಿಗೆ ಅಂಟಿದ ಪುಡಿ ಕೆರೆಯುವ ಸ್ಕ್ರೇಪರ್ ಬ್ಲೇಡ್ ಸವೆದರೆ ಪುಡಿ ವಾಪಸ್ ಬರುವ ಬೆಲ್ಟ್ ಹೊರುವ ರೋಲರಿಗೆ (ರಿಟರ್ನ್ ಐಡ್ಲರ್) ಅಂಟಿ, ಬೆಲ್ಟ್ ಪಕ್ಕಕ್ಕೆ ಸರಿದು, ಅದನ್ನು ಗುರುತಿಸುವ ಸ್ವೇ ಸ್ವಿಚ್ ಬೆಲ್ಟನ್ನು ನಿಲ್ಲಿಸುತ್ತದೆ (ಟ್ರಿಪ್). ಪುಡಿ ಚೆಲ್ಲದಿರಲೆಂದು ಬೆಲ್ಟಿನ ಅಂಚಿಗೆ ಹಾಕುವ ಸ್ಕರ್ಟ್ ರಬ್ಬರನ್ನು ಒತ್ತಿ ಬಿಗಿದರೆ ಅದು ಬೆಲ್ಟನ್ನೇ ಕೊರೆಯುತ್ತದೆ. ಕಲ್ಲಿದ್ದಲು ಪುಡಿಮಾಡುವ ಕ್ರಷರಿನಲ್ಲಿ ಒದ್ದೆ ಪುಡಿ ಕೇಜಿನ (ಒಳಗಿನ ಜಾಲರಿಯ) ಸಂದು ಮುಚ್ಚುವುದರಿಂದ, 20 ಮಿಲಿಮೀಟರಿಗಿಂತ ಸಣ್ಣದನ್ನು ಕ್ರಷರಿಗೆ ಬಿಡದೆ ಮೊದಲಿನ ಜರಡಿಯಿಂದಲೇ (ಸ್ಕ್ರೀನ್) ಬೈಪಾಸ್ ಮಾಡುವುದು ಒಳ್ಳೆಯದು.

ಪದೇ ಪದೇ ಟ್ರಿಪ್ ಆಗುತ್ತದೆಂದು ಚ್ಯೂಟ್ ಕಟ್ಟಿದಾಗ ಬೆಲ್ಟ್ ನಿಲ್ಲಿಸುವ ಚ್ಯೂಟ್ ಬ್ಲಾಕ್ ಸ್ವಿಚ್ ಬೈಪಾಸ್ ಮಾಡುವುದು ದೊಡ್ಡ ತಪ್ಪು. ಕಟ್ಟಿದ್ದು ತಿಳಿಯುವಷ್ಟರಲ್ಲಿ ಬೆಲ್ಟಿನ ಹಿಂತುದಿಯ ಟೇಲ್ ಪುಲ್ಲಿ ಹೂತು ಬೆಲ್ಟ್ ಹರಿದಿರುತ್ತದೆ. ಬಿಡಿಸುವಾಗ ಬೆಲ್ಟ್ ತಕ್ಷಣ ನಿಲ್ಲಿಸುವ ಹಗ್ಗ (ಪುಲ್ ಕಾರ್ಡ್) ಎಳೆದದ್ದು ಸಾಲದು. ಪರ್ಮಿಟ್ ಪಡೆದು, ಮೋಟರಿನ ಕರೆಂಟ್ ಕಡಿಯುವ ಬ್ರೇಕರ್ ಹೊರಗೆಳೆದು, ಬೀಗ ಹಾಕಿದ ಮೇಲೆಯೇ ಸರಳು ಹಿಡಿಯಬೇಕು. ಮೇಲಿನಿಂದ ಬಿಡಿಸಬೇಕು, ಕೆಳಗೆ ನಿಂತವರ ಮೇಲೆ ಇಡೀ ಗುಡ್ಡೆ ಕುಸಿಯಬಹುದು.

ಒದ್ದೆ ರೇಕಿಗೆ ಬೆರೆಸಲು ಮೇ ತಿಂಗಳಲ್ಲೇ ಒಣ ರಾಶಿ ಎತ್ತಿಡಬೇಕು. ಡೋಜರಿನಿಂದ ಪದರ ಪದರವಾಗಿ ಒತ್ತದಿದ್ದರೆ ಒಳಗೆ ಗಾಳಿಯಾಡಿ ರಾಶಿ ತಾನೇ ಬಿಸಿಯಾಗುತ್ತದೆ. ಬೆಳಗ್ಗೆ ರಾಶಿಯಿಂದ ಹಬೆ ಎದ್ದರೆ ಆ ಭಾಗವನ್ನು ಅಗೆದು ಹರಡಿ, ಆರಿದ ಮೇಲೆಯೇ ಬೆಲ್ಟಿಗೆ ಬಿಡಬೇಕು.